ಸಂಪಾದಕರ ಉತ್ತರ: ರೇನ್‌ಬೋ ಹಾಳಾಗಿಲ್ಲ, ಉಳಿದಿದೆ

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿಬಂದ ಓದುಗರೊಬ್ಬರು ಬರೆದಿದ್ದಾರೆ: ‘ಫಿನ್ಸ್‌ಬರಿ ಪಾರ್ಕಿನಲ್ಲಿ ರೇನ್‌ಬೋ ಥಿಯೇಟರ್ ಹುಡುಕಿಕೊಂಡು ಹೋದೆ. ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವೇದಿಕೆಯಲ್ಲೇ ಗಿಟಾರಿಗೆ ಬೆಂಕಿ ಹಚ್ಚಿದ ಜಾಗ ಈಗ ಚರ್ಚ್! ಅಂಥ ರಂಗಮಂದಿರವನ್ನು ಹಾಳುಗೆಡವಿದರಲ್ಲ?’

ಮಾನ್ಯರೇ,

ನಿಮ್ಮ ಬೇಸರ ಅರ್ಥವಾಗುತ್ತದೆ. ‘ಹಾಳುಗೆಡವಿದರು’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಕಟ್ಟಡ ರಾಕ್ ಸಂಗೀತಕ್ಕಾಗಿ ಹುಟ್ಟಿದ್ದೇ ಅಲ್ಲ. 1930ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದಾಗ ಅದು ಸುಮಾರು 3,000 ಆಸನಗಳ ಅಸ್ಟೋರಿಯಾ ಚಿತ್ರಮಂದಿರ. ಹೊರಗಿನಿಂದ ನೋಡಿದರೆ ಒಳಗಿನ ವೈಭವ ಊಹೆಗೂ ನಿಲುಕದು. ಮುಂಗೋಣೆಯಲ್ಲಿ ನಕ್ಷತ್ರಾಕಾರದ ಕಾರಂಜಿ. ಪ್ರೇಕ್ಷಾಂಗಣದ ಗೋಡೆಗಳ ಮೇಲೆ ಸ್ಪೇನಿನ ಮೂರಿಶ್ (ಅರಬ್ ಪ್ರಭಾವದ) ಶೈಲಿಯ ಊರಿನ ಮನೆಗಳು, ಕಮಾನುಗಳು. ನೆತ್ತಿಯ ಮೇಲೆ ನಕ್ಷತ್ರ ಮಿನುಗುವ ನೀಲಿ ಆಕಾಶ. ಅಗ್ಗದ ಟಿಕೆಟ್ ಕೊಂಡ ಕೂಲಿಕಾರನೂ ಎರಡು ಗಂಟೆ ಅರಮನೆಯ ಅಂಗಳದಲ್ಲಿ ಕೂತೆದ್ದು ಬರಬಹುದಿತ್ತು. ನನಗೆ ಅದರ ಮೇಲೆ ಅಭಿಮಾನ ಹುಟ್ಟಿದ್ದು ಇದಕ್ಕಾಗಿಯೇ.

ಹೆಂಡ್ರಿಕ್ಸ್ ಗಿಟಾರ್ ಸುಟ್ಟ 1967ರ ಮಾರ್ಚ್ 31ರಂದೂ ಅದು ಅಸ್ಟೋರಿಯಾವೇ. ರೇನ್‌ಬೋ ಎಂಬ ಹೆಸರು ಬಂದದ್ದು 1971ರ ನವೆಂಬರಿನಲ್ಲಿ, ಬ್ರಿಟನ್ನಿನ ರಾಕ್ ತಂಡ ‘ದಿ ಹೂ’ ಕಾರ್ಯಕ್ರಮದೊಂದಿಗೆ. ಮರುತಿಂಗಳೇ ಪ್ರೇಕ್ಷಕನೊಬ್ಬ ವೇದಿಕೆಗೆ ನುಗ್ಗಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಅವರನ್ನು ಕೆಳಕ್ಕೆ ತಳ್ಳಿದ. ಅವರು ಬಿದ್ದದ್ದು ವಾದ್ಯವೃಂದ ಕೂರಲೆಂದು ವೇದಿಕೆಯ ಮುಂದೆ ಇಳಿಸಿ ಕಟ್ಟಿದ್ದ ಕಾಂಕ್ರೀಟ್ ಗುಂಡಿಗೆ. ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕಳೆದರು. 1977ರಲ್ಲಿ ಜಮೈಕಾದ ಗಾಯಕ ಬಾಬ್ ಮಾರ್ಲಿ ಇಲ್ಲಿ ಹಾಡಿದರು. 1981ರ ಕ್ರಿಸ್ಮಸ್ ಮುನ್ನಾದಿನ ಬಾಗಿಲು ಮುಚ್ಚಿತು. ರೇನ್‌ಬೋ ಬಾಳಿದ್ದು ಹತ್ತೇ ವರ್ಷ.

ಮುಚ್ಚಿದ್ದೇಕೆ? 1974ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತ್ತು. ಪಟ್ಟಿಗೆ ಸೇರಿದ ಕಟ್ಟಡವನ್ನು ಮನಬಂದಂತೆ ತೇಪೆ ಹಾಕಿ ನಡೆಸುವಂತಿಲ್ಲ. ದುರಸ್ತಿಯ ಖರ್ಚು ನಡೆಸುವವರ ಕೈಮೀರಿತು. ಆದರೆ ಕೆಡವಲು ಬಿಡದೆ ತಡೆದು ನಿಂತದ್ದೂ ಅದೇ ಕಾನೂನು. ಕಾರ್ಯಕ್ರಮ ನಡೆಸುವವರಿಗೆ ಹೊರೆಯಾದ ಕಾನೂನೇ ಗೋಡೆಗಳನ್ನು ಕಾಯಿತು. ಮುಂದೆ ಹಲವು ವರ್ಷ ಅದು ಬಹುಪಾಲು ಖಾಲಿ ಬಿದ್ದಿತ್ತು. ಸೋರುವ ಮಾಡಿಗೆ ಕಾನೂನು ಹಂಚು ಹೊದಿಸುವುದಿಲ್ಲ. ಅದಕ್ಕೆ ದಿನವೂ ಬಾಗಿಲು ತೆರೆಯುವವರು ಬೇಕು. 1995ರಲ್ಲಿ ಬಂದ ಬ್ರೆಜಿಲ್ ಮೂಲದ ಚರ್ಚಿನವರು ಆ ಕೆಲಸ ಮಾಡಿದರು. ಒಳಾಂಗಣವನ್ನು ದುರಸ್ತಿ ಮಾಡಿಸಿದರು. ಅವರ ಬೋಧನೆಯ ಬಗ್ಗೆ ನಿಮಗೂ ನನಗೂ ಏನೇ ಅಭಿಪ್ರಾಯವಿರಲಿ, ಈ ಉಪಕಾರವನ್ನು ಮರೆಯಬಾರದು.

ಮಗಳ ಮನೆಗೆ ಮತ್ತೆ ಹೋದಾಗ ಒಳಗೆ ಹೋಗಿ ಬನ್ನಿ. ಕಾರಂಜಿ ಇನ್ನೂ ಅಲ್ಲೇ ಇದೆ.

– ಸಂ.