ರಾಯಚೂರಿನಲ್ಲಿ ನಮ್ಮ ಮನೆ ಮೇಲಿನ ಟ್ಯಾಂಕ್ ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಸೋರಿಕೆ ಹುಡುಕುವುದು ಹೇಗೆ?

ರಾತ್ರಿ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನ ಗೇಟ್ ವಾಲ್ವ್ ಬಂದ್ ಮಾಡಿ, ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೇ ಸೋರುತ್ತಿದೆ. ಇಲ್ಲವಾದರೆ ತೊಂದರೆ ಕೆಳಗಿದೆ.

ನನ್ನ ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಅದು ಸದ್ದಿಲ್ಲದೆ ಸೋರುತ್ತದೆ, ಯಾರಿಗೂ ಗೊತ್ತಾಗಲ್ಲ. ಒಳಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು, 20 ನಿಮಿಷ ಫ್ಲಶ್ ಮಾಡದೆ ಕಾಯಿರಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ವಾಷರ್ ಹೋಗಿದೆ ಅಂತ ಅರ್ಥ. ಅದನ್ನು ಬದಲಿಸಿದರೆ ಸಾಕು.

ಆಮೇಲೆ ಮಾಳಿಗೆ ಮೇಲಿನ ಪಿವಿಸಿ ಪೈಪು, ಎಲ್ಬೋ (ಪೈಪು ತಿರುಗುವ ಕಡೆಯ ಜೋಡಣೆ) ನೋಡಿ. ನಮ್ಮ ಕಡೆ ಬಿಸಿಲಿಗೆ ಪೈಪು ಪೆಡಸಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಎಂ-ಸೀಲ್ ಮೆತ್ತಿದರೆ ಜಾಸ್ತಿ ದಿನ ಬಾಳಲ್ಲ. ಆ ತುಂಡು ಕತ್ತರಿಸಿ, ಹೊಸದನ್ನು ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಿ ಕೂರಿಸಿ. ಪೂರ್ತಿ ಒಣಗುವ ತನಕ ನೀರು ಬಿಡಬೇಡಿ.