ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ಬೋರ್ಡ್ ನಿಜವಾಗಿ ಹೋಗಿದೆಯಾ?

ಮುಂಬೈಯಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದವು. ಕಂಪ್ಯೂಟರ್ ಆನ್ ಆಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ, ಅಂಗಡಿಯವರು ಬೋರ್ಡ್ (ಮದರ್‌ಬೋರ್ಡ್) ಹೋಗಿದೆ ಅಂದರು, ಹೌದಾ? ಎಷ್ಟು ಸಲ ಉತ್ತರ ಕೊಟ್ಟರೂ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಲೇ ಇದ್ದಾರೆ. ಅದಕ್ಕೆ ಈ ಸಲ ಒಂದು ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮಾನಿಟರ್ ಸ್ವಿಚ್ ಹಾಕಿದ್ದೀರಾ, ಪ್ಲಗ್ ಕೂತಿದೆಯಾ ಎಂಬುದನ್ನೆಲ್ಲ ಬರೆಯುವುದಿಲ್ಲ. ಅಷ್ಟು ನೋಡಿಕೊಂಡೇ ಪತ್ರ ಬರೆಯಬೇಕು.

ಪ್ರಶ್ನೆ: ಸಾರ್, 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ನಮ್ಮದು. ಐ3 ಪ್ರೊಸೆಸರ್, ಎಚ್61 ಬೋರ್ಡ್, ಎರಡು ರ‍್ಯಾಮ್ ಸ್ಟಿಕ್. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದೆವು. ಈಗ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಒಬ್ಬರು ವಿಂಡೋಸ್ ಹಾಕಬೇಕು ಅಂದರು. ಇನ್ನೊಬ್ಬರು ಬೋರ್ಡ್ ಹೋಗಿದೆ, ಏಳು ಸಾವಿರ ಆಗುತ್ತದೆ ಅಂದರು. ನಮ್ಮ ಹೋಟೆಲಿನ ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇದೆ. (ಡೊಂಬಿವಲಿ)

ಮೊದಲು ಟ್ಯಾಲಿ ವಿಷಯ. ಲೆಕ್ಕ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಡಿಸ್‌ಪ್ಲೇ ಬರಲಿಲ್ಲ ಅಂದ ಮಾತ್ರಕ್ಕೆ ಅದಕ್ಕೇನೂ ಆಗಿರುವುದಿಲ್ಲ. ಆದರೆ ವಿಂಡೋಸ್ ಹಾಕುತ್ತೇನೆ ಅಂತ ಯಾರಾದರೂ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಲೆಕ್ಕ ಹೋಯಿತು ಅಂತಲೇ ತಿಳಿಯಿರಿ.

ಪವರ್ ಬಟನ್ ಒತ್ತಿದಾಗ ಏನಾಗುತ್ತದೆ ನೋಡಿ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ) 3.3, 5 ಮತ್ತು 12 ವೋಲ್ಟ್ ಕೊಡಲು ಶುರು ಮಾಡುತ್ತದೆ. ವೋಲ್ಟೇಜ್ ಸರಿಯಾಗಿದೆ ಅಂತ ಬೋರ್ಡ್‌ಗೆ ಸಿಗ್ನಲ್ ಕಳಿಸುತ್ತದೆ. ಆಮೇಲೆ ಪ್ರೊಸೆಸರ್ ಎದ್ದು ಬಯೋಸ್ ಚಿಪ್‌ನಲ್ಲಿರುವ ಪ್ರೋಗ್ರಾಂ ಓದುತ್ತದೆ. ಅದು ರ‍್ಯಾಮ್ ಹುಡುಕುತ್ತದೆ, ನಂತರ ಗ್ರಾಫಿಕ್ಸ್ ಚಾಲೂ ಮಾಡುತ್ತದೆ. ಕಂಪನಿಯ ಲೋಗೋ ಕಾಣುವುದು ಆಗ. ವಿಂಡೋಸ್ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ. ಲೋಗೋನೇ ಬಾರದ ಮಷಿನ್‌ಗೆ ವಿಂಡೋಸ್ ಹಾಕಬೇಕು ಅನ್ನುವವನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾನೆ. ಅವನ ಕೈಗೆ ಡಿಸ್ಕ್ ಕೊಡಲೇಬೇಡಿ. ಮಕ್ಕಳ ಫೋಟೋ, ವರ್ಷಗಳ ಲೆಕ್ಕ ಹೀಗೆ ಅಳಿಸಿಹೋದ ಮೇಲೆ ನನ್ನ ಬಳಿ ಬಂದವರನ್ನು ನೋಡಿದ್ದೇನೆ. ಅಷ್ಟೊತ್ತಿಗೆ ನಾನು ಮಾಡಬಹುದಾದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಇನ್ನು ಫ್ಯಾನ್. ಅದು ತಿರುಗಿದರೆ 12 ವೋಲ್ಟ್ ಬರುತ್ತಿದೆ ಅಂತಷ್ಟೇ ಅರ್ಥ. ಪ್ರೊಸೆಸರ್ ಕೆಲಸ ಮಾಡುತ್ತಿದೆಯಾ ಇಲ್ಲವಾ ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದು ನಿಮಿಷ ಬಿಟ್ಟು ಕೀಬೋರ್ಡ್‌ನ ನಮ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಮಷಿನ್ ಒಳಗೆ ಎದ್ದಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆಗ ಕೇಬಲ್ ಬದಲಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ತೆಗೆದು, ಕೇಬಲ್ ಬೋರ್ಡ್‌ಗೆ ಕೊಡಿ. ನಿಮ್ಮ ಐ3ನಲ್ಲೇ ಗ್ರಾಫಿಕ್ಸ್ ಇದೆ. ದೀಪ ಅಲ್ಲಾಡದಿದ್ದರೆ ಮಷಿನ್ ಲೋಗೋಗಿಂತ ಮೊದಲೇ ನಿಂತಿದೆ.

ನಿಮ್ಮ ಪತ್ರ ನೋಡಿದರೆ ನನಗೆ ರ‍್ಯಾಮ್ ಮೇಲೆಯೇ ಅನುಮಾನ. ಮಳೆಗಾಲ, ಬಾಗಿಲು ಹಾಕಿದ ಮನೆ, ತಿಂಗಳುಗಟ್ಟಲೆ ಆನ್ ಆಗದ ಮಷಿನ್. ಓಡುತ್ತಿರುವ ಕಂಪ್ಯೂಟರ್ ತನ್ನ ಬಿಸಿಗೇ ಒಣಗಿರುತ್ತದೆ. ಮುಚ್ಚಿಟ್ಟರೆ ತೇವ ಹಿಡಿದು ರ‍್ಯಾಮ್‌ನ ಹಲ್ಲುಗಳಿಗೂ ಸ್ಲಾಟ್‌ನ ಪಿನ್‌ಗಳಿಗೂ ನಡುವೆ ತೆಳುವಾದ ಪೊರೆ ಕಟ್ಟುತ್ತದೆ. ಸಂಪರ್ಕ ತಪ್ಪಲು ಅಷ್ಟು ಸಾಕು. ಡೊಂಬಿವಲಿಯಲ್ಲಿ ಹತ್ತಿರವೇ ಖಾಡಿ (ಸಮುದ್ರದ ಹಿನ್ನೀರು), ಮೇಲಿಂದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಗಾಳಿ ಬೇರೆ.

ಹೀಗೆ ಮಾಡಿ. ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಕಳೆಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಒಮ್ಮೆ ಮುಟ್ಟಿ, ರ‍್ಯಾಮ್ ಎರಡನ್ನೂ ಅಂಚು ಹಿಡಿದು ತೆಗೆಯಿರಿ. ಹಲ್ಲುಗಳನ್ನು ಮೆತ್ತನೆಯ ಬಿಳಿ ರಬ್ಬರ್‌ನಿಂದ ಹಗುರವಾಗಿ ಎರಡು ಸಲ ಸವರಿ. ಪುಡಿ ಪೂರ್ತಿ ತೆಗೆದು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಸ್ಯಾಂಡ್‌ಪೇಪರ್ ಬೇಡ, ಇಂಕ್ ಅಳಿಸುವ ಒರಟು ರಬ್ಬರ್ ಬೇಡ. ಅಲ್ಲಿರುವ ಚಿನ್ನದ ಲೇಪ ಒಂದು ಮೈಕ್ರಾನ್‌ಗಿಂತ ತೆಳು, ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಸ್ಯಾನಿಟೈಸರ್‌ನಲ್ಲಿ ನೀರಿದೆ, ಅದೂ ಬೇಡ. ಸ್ಲಾಟ್‌ಗೆ ಒಣ ಬ್ರಷ್ ಸಾಕು.

ಈಗ ಒಂದೇ ಸ್ಟಿಕ್ ಹಾಕಿ. ಎರಡೂ ತುದಿಯಲ್ಲಿ ಟಕ್ ಅನ್ನಬೇಕು. ಮುಕ್ಕಾಲು ಪಾಲು ಜನ ಇಲ್ಲೇ ಹೆದರಿ ಅರ್ಧ ಒತ್ತಿ ಬಿಡುತ್ತಾರೆ. ಬರಲಿಲ್ಲ ಅಂದರೆ ಅದೇ ಸ್ಟಿಕ್ ಇನ್ನೊಂದು ಸ್ಲಾಟ್‌ಗೆ. ಆಮೇಲೆ ಎರಡನೇ ಸ್ಟಿಕ್, ಎರಡೂ ಸ್ಲಾಟ್‌ಗೆ. ಪ್ರತಿ ಸಲ ಪ್ಲಗ್ ಕಿತ್ತೇ ಕೈ ಹಾಕಬೇಕು. ಬೇಸರದ ಕೆಲಸ, ಆದರೆ ಇದನ್ನು ಪೂರ್ತಿ ಮಾಡದೆ ಬೋರ್ಡ್ ಹೋಗಿದೆ ಅನ್ನುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಬೋರ್ಡ್‌ಗೆ ಸಿಕ್ಕಿಸುವ ಪುಟ್ಟ ಬೀಪ್ ಸ್ಪೀಕರ್ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತೀರ ಕಡಿಮೆ ದುಡ್ಡಿಗೆ ಸಿಗುತ್ತದೆ. ಅದನ್ನು ಹಾಕಿ, ರ‍್ಯಾಮ್ ಒಂದೂ ಇಲ್ಲದೆ ಆನ್ ಮಾಡಿ. ಬೀಪ್ ಬೀಪ್ ಅಂತ ಕೂಗಿದರೆ ಪ್ರೊಸೆಸರ್ ಮತ್ತು ಬಯೋಸ್ ಕೆಲಸ ಮಾಡುತ್ತಿವೆ, ರ‍್ಯಾಮ್ ಕಾಣಲಿಲ್ಲ ಅಂತ ದೂರುತ್ತಿವೆ. ಅಂಥ ಬೋರ್ಡನ್ನು ‘ಹೋಗಿದೆ’ ಅಂತ ಬಿಸಾಡಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕೂಗದಿದ್ದರೆ ಮುಂದಕ್ಕೆ ನೋಡಬೇಕು.

ಮುಂದೆ ಅಂದರೆ ಬೋರ್ಡ್ ಮೇಲಿನ ಸೆಲ್. ಸಿಆರ್2032, 3 ವೋಲ್ಟ್. ಇಷ್ಟು ವರ್ಷ ಆಗಿದ್ದರೆ ಹೊಸದೇ ಹಾಕಿ. ಹಳೆಯದನ್ನು ತೆಗೆದು ಐದು ನಿಮಿಷ ಬಿಟ್ಟರೆ ಬಯೋಸ್ ಸೆಟ್ಟಿಂಗ್ ಅಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಇದೆ, ಅಂಗಡಿಯವರು ಹೇಳುವುದಿಲ್ಲ. ಅದಾದ ಮೇಲೆ ಡಿಸ್‌ಪ್ಲೇ ಬಂದು ವಿಂಡೋಸ್ ನೀಲಿ ಪರದೆ ತೋರಿಸಿದರೆ ಗಾಬರಿ ಬೇಡ. ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ಐಡಿಇ ಆಗಿರಬಹುದು, ಅಥವಾ ಅದರ ಉಲ್ಟಾ. ಬದಲಿಸಿ ನೋಡಿ. ಇದೇ ನೆಪದಲ್ಲಿ ಎಷ್ಟೋ ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡಿದ್ದಾರೆ.

ಕೊನೆಗೆ ಎಸ್‌ಎಂಪಿಎಸ್. ಪ್ರೊಸೆಸರ್ ಪಕ್ಕದ ಚೌಕದ 4 ಪಿನ್ ಪ್ಲಗ್ ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಅದನ್ನು ಕಿತ್ತು ಗಟ್ಟಿಯಾಗಿ ಹಾಕಿ. ಆಮೇಲೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಬೇಕು. ಹಸಿರು ತಂತಿಗೂ ಕಪ್ಪಿಗೂ ಪಿನ್ ಸಿಕ್ಕಿಸಿ ‘ಸರಿ ಇದೆ’ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಅದು ಆನ್ ಆಗುತ್ತದೆ ಅಂತ ಗೊತ್ತಾಗುತ್ತದೆ, ಲೋಡ್ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದಾ ಅಂತ ಗೊತ್ತಾಗುವುದಿಲ್ಲ. ಎಸ್‌ಎಂಪಿಎಸ್ ಡಬ್ಬವನ್ನು ನೀವು ಬಿಚ್ಚಲೇಬಾರದು. 230 ವೋಲ್ಟ್ ಲೈನಿನಿಂದ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯಬಹುದು.

ಇಷ್ಟಾದರೂ ಏನೂ ಬರದಿದ್ದರೆ ಬೋರ್ಡ್ ಹೋಗಿದೆ ಅಂತ ಒಪ್ಪಬಹುದು. ಅಂಗಡಿಯಲ್ಲಾದರೆ ಅವರದೇ ರ‍್ಯಾಮ್, ಅವರದೇ ಎಸ್‌ಎಂಪಿಎಸ್ ಹಾಕಿ ನಿಮ್ಮೆದುರಿಗೆ ತೋರಿಸಲಿ. ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ. ಆದರೂ ಈ ಮಷಿನ್‌ಗೆ ಏಳು ಸಾವಿರ ಹಾಕಬೇಡಿ ಅಂತಲೇ ನನ್ನ ಸಲಹೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ ತಂದು ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಟ್ಯಾಲಿಯ ಡೇಟಾ ಫೋಲ್ಡರ್ ಕಾಪಿ ಮಾಡಿಕೊಳ್ಳಿ. ಇದನ್ನು ಬೇರೆಲ್ಲ ಕೆಲಸಕ್ಕಿಂತ ಮೊದಲೇ ಮಾಡಿದರೂ ಒಳ್ಳೆಯದೇ.

ಪ್ರಶ್ನೆ: ಮಗ ಹೊಸದಾಗಿ ಐ5 12400ಎಫ್ ಹಾಕಿ ಜೋಡಿಸಿದ್ದಾನೆ. ಬೋರ್ಡ್‌ನ ಎಚ್‌ಡಿಎಂಐಗೆ ಕೇಬಲ್ ಕೊಟ್ಟರೆ ಡಿಸ್‌ಪ್ಲೇ ಇಲ್ಲ. (ಚೆಂಬೂರು)

ಕೊನೆಯ ಆ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡಿ. ಕಾರ್ಡ್ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ.

ಪ್ರಶ್ನೆ: ಹೊಸ ಡಿಡಿಆರ್5 ಮಷಿನ್, ಎಎಂಡಿ ಎಎಂ5 ಬೋರ್ಡ್. ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆ. ಎರಡು ನಿಮಿಷ ಕಾದು ಆಫ್ ಮಾಡಿದೆ. (ಪುಣೆ)

ಯಾಕೆ ಆಫ್ ಮಾಡಿದಿರಿ? ಬೋರ್ಡ್ ಆಗ ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತದೆ, ಮೊದಲ ಸಲ ಹಲವು ನಿಮಿಷ ಹಿಡಿಯುತ್ತದೆ. ಹದಿನೈದು ನಿಮಿಷ ಮುಟ್ಟಬೇಡಿ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಓವನ್‌ನಲ್ಲಿ ಬಿಸಿ ಮಾಡಿದರೆ ಸರಿ ಹೋಗುತ್ತದಂತೆ, ಹೌದಾ? (ಮುಲುಂಡ್)

ಬೇಡ. ಬಂದರೂ ಕೆಲವು ದಿನ ಮಾತ್ರ. ಅದರ ಹೊಗೆ ವಿಷ, ಆ ಓವನ್‌ನಲ್ಲಿ ನೀವು ಊಟ ಬಿಸಿ ಮಾಡುತ್ತೀರಿ.

ಪ್ರಶ್ನೆ: ತೇವ ಹೋಗಲಿ ಅಂತ ರ‍್ಯಾಮ್ ಅಕ್ಕಿ ಡಬ್ಬದಲ್ಲಿ ಇಡಬಹುದಾ? (ಥಾಣೆ)

ಇಡಬೇಡಿ. ಅಕ್ಕಿಯ ಹುಡಿ ಸ್ಲಾಟ್ ಸೇರುತ್ತದೆ.

ಪ್ರಶ್ನೆ: ಹಳೇ ಚಾಳಿನಲ್ಲಿದ್ದೇವೆ. ಡಿಸ್‌ಪ್ಲೇ ಆಗಾಗ ಹೋಗುತ್ತದೆ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ರ‍್ಯಾಮ್ ಒರೆಸಬೇಕಾ? (ಪರೇಲ್)

ರ‍್ಯಾಮ್ ವಿಷಯ ಆಮೇಲೆ. ನಿಮ್ಮ ಸಾಕೆಟ್‌ಗೆ ಅರ್ಥಿಂಗ್ ಇಲ್ಲ, ಅಥವಾ ಎಲ್ಲೋ ಕಡಿದಿದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಕರೆಂಟ್ ಅರ್ಥ್‌ಗೆ ಹೋಗಬೇಕು. ದಾರಿ ಸಿಗದೆ ಕ್ಯಾಬಿನೆಟ್ ಮೇಲೆ ನಿಂತಿದೆ. ಬರಿಗಾಲು, ಮಳೆಗಾಲದ ಒದ್ದೆ ನೆಲ ಎರಡೂ ಸೇರಿದರೆ ಇನ್ನೂ ಜೋರಾಗಿ ಹೊಡೆಯುತ್ತದೆ. ಎಸ್‌ಎಂಪಿಎಸ್ ಒಳಗೇ ಕೆಟ್ಟು ಲೈನ್ ನೇರ ಕ್ಯಾಬಿನೆಟ್‌ಗೆ ಬಂದರೆ ಜೀವಕ್ಕೇ ಅಪಾಯ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಸಿಕ್ಕಿಸಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ, ಮೀಟರ್ ಹತ್ತಿರ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅಲ್ಲಿಯವರೆಗೆ ಆ ಕಂಪ್ಯೂಟರ್ ಆನ್ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.