ಆಳದ ಮೀನಿಗೆ ಕೆಂಪು ದೀಪ ಯಾಕೆ?

ಕೆಂಪು ಬೆಳಕು ನೀರಲ್ಲಿ ಬೇಗ ಇಂಗಿ ಹೋಗುತ್ತದೆ, ಹಾಗಿದ್ದಮೇಲೆ ಮಲಕೋಸ್ಟಿಯಸ್ ನೈಜರ್ ಮೀನಿಗೆ ಕಣ್ಣ ಕೆಳಗೆ ಕೆಂಪು ದೀಪ ಯಾಕೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ಈ ಮೀನು ಇರುವುದು ಸಾಮಾನ್ಯವಾಗಿ 500 ಮೀಟರಿಗಿಂತ ಕೆಳಗೆ. ಅಲ್ಲಿನ ಬಹುತೇಕ ಜೀವಿಗಳ ಕಣ್ಣು ನೀಲಿ ಬೆಳಕಿಗೆ ಹೊಂದಿಕೊಂಡದ್ದು, ಹಾಗಾಗಿ ಇದು ಕೆಂಪು ಟಾರ್ಚ್ ಬಿಟ್ಟುಕೊಂಡು ಮೂತಿ ಮುಂದೆ ಬಂದು ನಿಂತರೂ ಸೀಗಡಿಗೆ ಗೊತ್ತೇ ಆಗುವುದಿಲ್ಲ. ಬೆಳಕು ದೂರ ಹೋಗುವುದಿಲ್ಲ, ನಿಜ. ಆದರೆ ಹತ್ತಿರದ್ದು ಕಂಡರೆ ಸಾಕಲ್ವಾ?

ನನಗೆ ಜಾಸ್ತಿ ಮಜಾ ಅನ್ನಿಸುವುದು ಇದರ ಕಣ್ಣು. ಕೆಂಪನ್ನು ಹಿಡಿಯಲು ಅಕ್ಷಿಪಟಲದಲ್ಲಿ ಕ್ಲೋರೋಫಿಲ್‌ನಿಂದ ಬಂದ ಒಂದು ವಸ್ತು ಇದೆ, 1998ರಲ್ಲಿ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಎಲೆಯಲ್ಲಿರುವ ಅದೇ ಕ್ಲೋರೋಫಿಲ್! ಮೀನು ಅದನ್ನು ತಾನೇ ತಯಾರಿಸಲಾರದು. ಪಾಚಿ ತಿನ್ನುವ ಕೋಪೆಪಾಡ್ ಎಂಬ ಪುಟ್ಟ ಜೀವಿಗಳನ್ನು ತಿಂದು ಪಡೆಯುತ್ತದೆ ಅನ್ನುವುದು ಈಗಿನ ಅಂದಾಜು. ಇಷ್ಟು ದೊಡ್ಡ ದವಡೆ, ಅದಕ್ಕೆ ಕೆಳಗಡೆ ಚರ್ಮವೂ ಇಲ್ಲ, ಬರೀ ಮೂಳೆಯ ಚೌಕಟ್ಟು, ಆದರೂ ಹೊಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಈ ಪುಡಿ ಕೋಪೆಪಾಡ್‌ಗಳೇ.

ಅಂದ ಹಾಗೆ, ಕಣ್ಣ ಹಿಂದೆ ಇನ್ನೊಂದು ನೀಲಿ-ಹಸಿರು ದೀಪವೂ ಇದೆ. ಅದು ಮಾತ್ರ ಸುತ್ತಲಿನವರಿಗೂ ಕಾಣುತ್ತದೆ.